ಬಚ್ಚಲುಮನೆಯ ಅಳು

ಫೋನ್ ಎತ್ತದ ತಮ್ಮನನ್ನು ಹುಡುಕಿಕೊಂಡು ಸಂಜೆ ಅವನ ಮನೆಗೆ ಬಂದ ಅಕ್ಕ, ಬಚ್ಚಲುಮನೆಯ ದೀಪ ಹಾಕಿದವಳೇ ಹೌಹಾರಿದಳು. ಮೀಸೆ ನರೆಯತೊಡಗಿದ್ದ ತಮ್ಮ ಒಣ ನೆಲದ ಮೇಲೆ ಕೂತು, ತಲೆ ತುಂಬ ದಪ್ಪ ರಜಾಯಿ ಹೊದ್ದು, ಹಿಂದಕ್ಕೂ ಮುಂದಕ್ಕೂ ತೂಗುತ್ತ ಅಳುತ್ತಿದ್ದ.

"ಅಯ್ಯೋ, ಏನಾಯ್ತೋ? ಯಾರು ಏನಂದ್ರು? ಮೈಗೆ ಹುಷಾರಿಲ್ವಾ? ಏನಾದ್ರೂ ತಿಂದ್ಯಾ?"

ಅಕ್ಕನ ಪ್ರಶ್ನೆಗಳೇ ಹಾಗೆ, ಒಂದರ ಬೆನ್ನಿಗೆ ಇನ್ನೊಂದು. ಉತ್ತರಕ್ಕೆ ಸಂದು ಇರುವುದಿಲ್ಲ. ತಮ್ಮ ಹಲ್ಲಿಲ್ಲದವರಿಗೆ ಕಟ್ಟುಹಲ್ಲಿನ ಸೆಟ್ಟು ತಯಾರಿಸುವವನು. ಅವತ್ತು ಅವನ ಕೆಲಸದ ಕೋಣೆಯ ಪಕ್ಕದ ಗೋಡೆ ಒಡೆಯುತ್ತಿದ್ದರು. ಆ ಸದ್ದಿನಲ್ಲೇ ದಿನವಿಡೀ ಹಲ್ಲು ಜೋಡಿಸಿ, ಮನೆಗೆ ಬಂದು ಇಲ್ಲಿ ಕೂತಿದ್ದ. ತನಗೆ ಆಟಿಸಂ ಇದೆಯೆಂದು ಅವನಿಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಅಂದಿನಿಂದ, ತಲೆ ತುಂಬಿಹೋದ ದಿನ ಇದೇ ಅವನ ಉಪಾಯ: ಕತ್ತಲು, ಭಾರದ ಹೊದಿಕೆ, ಮನಸಾರೆ ಅಳು. ಆಮೇಲೆ ಎದ್ದು ಅಡುಗೆ ಮಾಡುತ್ತಿದ್ದ, ಮರುದಿನ ಕೆಲಸಕ್ಕೆ ಹೋಗುತ್ತಿದ್ದ. ಆದರೆ ಇಂಥ ಹೊತ್ತಿನಲ್ಲಿ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

"ಇವನೊಬ್ಬನೇ ಇರೋದು ಬೇಡ ಅಂತ ಅಮ್ಮ ಬಡ್ಕೊಂಡ್ಲು. ಸಾಕು ನಿನ್ನ ಒಂಟಿ ಸಂಸಾರ. ನಡಿ ನಮ್ಮನೆಗೆ!" ಅಕ್ಕ ಮಲಗುವ ಕೋಣೆಗೆ ನುಗ್ಗಿ ಅವನ ಪೆಟ್ಟಿಗೆ ಎಳೆದು ಅಂಗಿಗಳನ್ನು ತುರುಕತೊಡಗಿದಳು.

ಅಕ್ಕನ ಮನೆಯೆಂದರೆ ಅಮ್ಮ, ಮೂರು ಮಕ್ಕಳು, ಸದಾ ಹಾಡುವ ಟಿವಿ, ಚಿಲಕವಿಲ್ಲದ ಬಾಗಿಲುಗಳು. ಅಲ್ಲಿ ಪ್ರೀತಿಗೇನೂ ಕೊರತೆಯಿಲ್ಲ, ಒಬ್ಬನೇ ಕೂರಲು ಒಂದು ಮೂಲೆ ಸಿಗುವುದಿಲ್ಲ ಅಷ್ಟೆ. ಅವನು ರಜಾಯಿ ಹೊದ್ದೇ ಎದ್ದು ಬಂದ. ಪೆಟ್ಟಿಗೆಯಿಂದ ಒಂದು ಅಂಗಿ ತೆಗೆದು ಬೀರುವಿನಲ್ಲಿ ತೂಗುಹಾಕಿದ. ಅಕ್ಕ ಇನ್ನೆರಡು ತುಂಬಿದಳು. ಅವನು ಎರಡನ್ನೂ ತೆಗೆದ. ಅಕ್ಕ ತುಂಬುವುದು, ತಮ್ಮ ತೆಗೆಯುವುದು. ಅವನ ಕಣ್ಣೀರು ಸುರಿಯುತ್ತಲೇ ಇತ್ತು, ಕೈ ಮಾತ್ರ ನಿಲ್ಲಲಿಲ್ಲ. ಚಿಕ್ಕಂದಿನಿಂದ ಅವನ ಹಟ ಕಂಡಿದ್ದ ಅಕ್ಕನಿಗೂ ಇದು ಬರೀ ಹಟ ಅನ್ನಿಸಲಿಲ್ಲ. ಏದುಸಿರು ಬಿಡುತ್ತ ಮಂಚದ ಮೇಲೆ ಕುಸಿದಳು.

"ಹೀಗೆ ಅಳ್ತಿರೋನನ್ನ ಬಿಟ್ಟು ನಾನು ಹೇಗೋ ಹೋಗ್ಲಿ?"

ಅವನ ತುಟಿ ಅಲುಗಿತು, ಸದ್ದು ಬರಲಿಲ್ಲ. ಅಕ್ಕನ ನಾಲಿಗೆಯ ತುದಿಗೆ ಇನ್ನೊಂದು ಪ್ರಶ್ನೆ ಬಂದಿತ್ತು. ನುಂಗಿಕೊಂಡು ಕಾದಳು.

"ಅಳು... ಕಾಯಿಲೆ ಅಲ್ಲಕ್ಕ," ಎಂದ ಕೊನೆಗೆ. "ಸರಿಹೋಗೋಕೇ ಅಳ್ತಿದೀನಿ. ಇನ್ನೂ ಸ್ವಲ್ಪ ಬಾಕಿ ಇದೆ."

ಅಷ್ಟು ಹೇಳಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅಷ್ಟರಲ್ಲಿ ಅಮ್ಮನ ಫೋನು ಬಂತು. ಅಕ್ಕ ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಸದ್ದಡಗಿಸಿ ಎತ್ತಿದಳು, ತನಗೆ ಅಭ್ಯಾಸವೇ ಇಲ್ಲದ ಮೆಲುದನಿಯಲ್ಲಿ ಮಾತಾಡಿದಳು.

"ಹೂಂ, ಮನೇಲೇ ಇದಾನೆ... ಇಲ್ಲಮ್ಮ, ಕರ್ಕೊಂಡು ಬರ್ತಿಲ್ಲ." ಮುಚ್ಚಿದ ಬಾಗಿಲಿನ ಕಡೆ ನೋಡಿದಳು. "ಅಳ್ತಿದಾನೆ. ಚೆನ್ನಾಗಿದಾನೆ."