ಕಿರುಗುಟ್ಟದ ಜೀಪು

ಗ್ಯಾರೇಜಿನ ಮುಂದೆ ಹಾಯುವಾಗ ಗೇರ್ ಎಣ್ಣೆಯ ಗಬ್ಬು ಮೂಗಿಗೆ ಬಡಿದರೆ ಇಂದಿಗೂ ನನ್ನ ತಲೆ ತಗ್ಗುತ್ತದೆ.

ನಾನು ಸಣ್ಣವನಿದ್ದಾಗ ಒಂದು ಮಧ್ಯಾಹ್ನ ಶಿರಗುಪ್ಪಿಯ ಕಬ್ಬಿನ ಹೊಲದ ದಾರಿಯಲ್ಲಿ ನಮ್ಮ ಜೀಪಿನ ಹಿಂದಿನ ಆಕ್ಸೆಲ್ ಮುರಿದು, ಎತ್ತು ಹೂಡಿ ಮನೆಗೆ ಎಳೆದು ತಂದಿದ್ದರು. ಅದನ್ನು ಹೊಸದಾಗಿ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಅಪ್ಪನಿಗೆ ಡ್ರೈವರ್ ದಸ್ತಗೀರ ಕಾಕಾನ ಮೇಲೆಯೇ ಗುಮಾನಿ.

"ಕದ್ದು ಯಾರದರ ಕಬ್ಬು ಹೇರಿದ್ದೇನೋ?"

"ಇಲ್ರಿ ಸಾವಕಾರ್ರ. ಆಕ್ಸೆಲ್ದಾಗ ಎಣ್ಣೀನ ಇಲ್ಲ, ನೋಡ್ರಿ."

"ಎಣ್ಣಿ ಇಲಿ ಕುಡದ್ವೇನು?"

ಹಿಂದಿನ ವಾರ ನಟ್ಟು ಬಿಚ್ಚಿ ಆ ಎಣ್ಣೆ ಇಳಿಸಿಕೊಂಡವನು ನಾನು. ಎತ್ತಿನ ಓಟದ ಶರ್ಯತ್ತಿಗೆ ಹೊರಟಿದ್ದ ನಮ್ಮ ಚಕ್ಕಡಿಯ ಗಾಲಿಗಳು ಕಿರುಗುಟ್ಟುತ್ತಿದ್ದವು, ಜೀಪಿನ ಗಾಲಿಗಳು ಕಿರುಗುಟ್ಟುತ್ತಿರಲಿಲ್ಲ. ಎಣ್ಣೆ ಬೇಕಾದದ್ದು ಚಕ್ಕಡಿಗೇ ಎಂದುಕೊಂಡಿದ್ದೆ.

ಅಪ್ಪ ನನ್ನತ್ತ ತಿರುಗಿದ. "ನೀ ಏನರ ನೋಡೀಯೇನ್ಲೇ?"

"ಕಾಕಾ ಕಬ್ಬು ಹೇರಿದ್ದ. ನಾ ನೋಡೇನಿ," ಎಂದೆ.

ಕಾಕಾ ಎಣ್ಣೆಯ ಕಪ್ಪು ಇನ್ನೂ ಮೆತ್ತಿದ್ದ ನನ್ನ ಉಗುರುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಜೀಪಿನ ಕೀಲಿಯನ್ನು ಅಪ್ಪನ ಕೈಗಿಟ್ಟ.

"ಹುಡುಗ ಹೇಳಿದ ಮ್ಯಾಲ ಮುಗೀತು ಬಿಡ್ರಿ," ಎಂದು ಬಿಸಿಲಲ್ಲೇ ಕಾಗವಾಡದ ಕಡೆ ನಡೆದ.

ಅಪ್ಪ ನನ್ನ ತಲೆ ಸವರಿ, "ಶಾಣ್ಯಾ ಅದೀ ಮಗನ," ಎಂದ.