ಕುಸುಮಾ ಕೊಟ್ಟ ಹೆಪ್ಪು

ಹೆಪ್ಪು ಕೊಟ್ಟವಳೇ ಕುಸುಮಾ. ಎದುರುಮನೆಗೆ ಹೊಸದಾಗಿ ಬಂದ ಪ್ರಮೀಳಾ ತನ್ನ ಕಂಪ್ಯೂಟರ್ ಪರದೆ ಖಾಲಿಯಿದೆ ಎಂದಾಗ, ಮೊಸರಿಗೆ ಹೆಪ್ಪು ಕೊಡುವ ಹಾಗೆ, ತನ್ನ ಅಡುಗೆಮನೆಯ ಪರದೆಯಿಂದ ಪರದೆಯೊಳಗೇ ಹುಟ್ಟಿ ಬೆಳೆಯುವ ನಾಲ್ಕು ಕಂಪ್ಯೂಟರ್ ಹುಳುಗಳನ್ನು ಮೆಮೊರಿ ಕಾರ್ಡಿಗಿಳಿಸಿ ಕೊಟ್ಟಿದ್ದಳು. ಬೇಳೆ ಬೇಯುವಷ್ಟರಲ್ಲಿ ಒಂದು ತಲೆಮಾರು ಮುಗಿಸುವ ಈ ಹುಳುಗಳು ಸಾಕಿದವರನ್ನು ನೋಡಿ ನೋಡಿಯೇ ರೂಪ ತಾಳುತ್ತವೆಂದು ಯಾರಿಗೆ ಗೊತ್ತಿಲ್ಲ?

ಈಗ ಪ್ರಮೀಳಾಳ ಹುಳುಗಳಿಗೆ ನವಿಲುಬಣ್ಣದ ರೆಕ್ಕೆ. ಸೊಪ್ಪು ಬಿಡಿಸುತ್ತ ಅವಳು ಗುನುಗುವ ಹಾಡನ್ನು ಅವೂ ಹಾಡುತ್ತವೆ. ಬೀದಿಗೆ ಬೀದಿಯೇ ಅಲ್ಲಿ ಬಾಯಿಬಿಟ್ಟುಕೊಂಡು ನಿಲ್ಲುತ್ತದೆ. ಹೆಪ್ಪು ಯಾರದೆಂದು ಒಬ್ಬರಾದರೂ ಕೇಳಬೇಕಲ್ಲ! ಕುಸುಮಾಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಕಿಟಕಿಗೆ ಅಂಟಿಕೊಂಡು ಎದುರುಮನೆಯನ್ನೇ ನೋಡುತ್ತ, "ಹೆಪ್ಪು ನಂದು, ಮೊಸರು ಅವಳದು" ಎಂದು ಗೊಣಗುತ್ತಿದ್ದಳು.

ಒಂದು ದಿನ ಪ್ರಮೀಳಾಳೇ ಬಂದಳು.

"ಕುಸುಮಕ್ಕ, ನಿಮ್ಮ ಹುಳು ತೋರಿಸ್ರೀ. ನಮ್ಮವಕ್ಕೆ ಇದು ತವರುಮನೆ ಅಲ್ವಾ?"

ಎಷ್ಟೋ ದಿನಗಳ ಮೇಲೆ ಕುಸುಮಾ ತನ್ನ ಪರದೆಯತ್ತ ತಿರುಗಿದಳು. ರೆಕ್ಕೆಯಿಲ್ಲ, ಕಾಲಿಲ್ಲ, ಹಾಡಲು ಬಾಯೂ ಇಲ್ಲ. ಬರೀ ಕಣ್ಣುಗಳು. ಎಲ್ಲವೂ ಕಿಟಕಿಯ ಕಡೆಯ ಅಂಚಿಗೆ ಒತ್ತರಿಸಿಕೊಂಡು ಕೂತಿದ್ದವು.

"ಅಯ್ಯೋ, ಇವೆಲ್ಲ ನಮ್ಮನೆ ಕಡೆಗೇ ನೋಡ್ತಾ ಇವೆಯಲ್ಲ!"

"ನಿಮ್ಮನೆ ಅಲ್ಲ ಕಣ್ರೀ, ಬೆಳಕು ನೋಡ್ತವೆ ಅಷ್ಟೆ," ಎಂದು ಕುಸುಮಾ ದಡಬಡನೆ ಕಿಟಕಿ ಮುಚ್ಚಿದಳು.

ಕಣ್ಣುಗಳು ಒಂದೊಂದಾಗಿ ಹೊರಳಿ, ಅಲ್ಲೇ ನಿಂತಿದ್ದ ಪ್ರಮೀಳಾಳನ್ನು ಅಡಿಯಿಂದ ಮುಡಿಯವರೆಗೆ ಅಳೆಯತೊಡಗಿದವು.