ಹಾಜರಿ ಸರಿಯಿದ್ದವಳು

“ಮುಂದಿನ ವಾರದಿಂದ ನೀನು ಬರೋದು ಬೇಡಮ್ಮ. ಈಗ ಚೆನ್ನಾಗಿದ್ದೀಯ,” ಎಂದು ಕೋಚ್ ಮೇಡಂ ಹೇಳಿದ್ದೇ ತಡ, ಎದುರಿಗೆ ಕೂತಿದ್ದ ಹುಡುಗಿ ಗಳಗಳನೆ ಅಳತೊಡಗಿದಳು. ಮೇಡಂಗೆ ಅಯ್ಯೋ ಅನ್ನಿಸುವುದಕ್ಕಿಂತ ಮೊದಲು ಸುಸ್ತು ಅನ್ನಿಸಿತು. ಬೆಳಗಿನಿಂದ ಕಾಲೇಜಿನ ಮೊದಲ ವರ್ಷದ ಮಕ್ಕಳು ಒಬ್ಬರ ಹಿಂದೊಬ್ಬರು ಬಂದು, ಆ ಕುರ್ಚಿಯಲ್ಲಿ ಕೂತು, ಮನೆಯ ನೆನಪು, ತಲೆಗೆ ಹತ್ತದ ಪಾಠ, ಮುರಿದ ಸ್ನೇಹ ಎಲ್ಲವನ್ನೂ ಸುರಿದು ಹೋಗಿದ್ದರು. ಇವಳೇ ಕೊನೆಯವಳು. ಇವಳೊಬ್ಬಳಾದರೂ ದಡ ಸೇರಿದಳಪ್ಪ ಎಂದುಕೊಂಡರೆ ಇವಳದೂ ಅದೇ ರಾಗ.

“ಲೈಫ್ ಕೋಚ್ ಅಂದ್ರೆ ಏನು ಕೆಲಸವೇ? ಬದುಕೋದು ಹೇಗೆ ಅಂತ ಹೇಳಿಕೊಡ್ತೀಯಾ?” ಎಂದು ಮೇಡಂನ ತಾಯಿ ಇಂದಿಗೂ ಕೇಳುತ್ತಾರೆ. ಪಾಪ, ಹೇಳಿಕೊಡುವ ಹಾಗೇ ಇಲ್ಲ. ಬುದ್ಧಿ ಹೇಳಬಾರದು, ದಾರಿ ತೋರಿಸಬಾರದು, ಪ್ರಶ್ನೆ ಕೇಳಬೇಕು ಅಷ್ಟೇ. ಉತ್ತರವನ್ನು ಮಕ್ಕಳೇ ಹುಡುಕಿಕೊಳ್ಳಬೇಕು. ಅದೇ ಆ ಕೆಲಸದ ನಿಯಮ. ಅಭ್ಯಾಸಬಲದಿಂದ ಈಗಲೂ ಕೇಳಿದರು: “ಈಗ ನಿಂಗೆ ಏನನ್ನಿಸ್ತಿದೆ?”

“ನಾನು ಅವಳಲ್ಲ ಮೇಡಂ.”

“ಅಂದ್ರೆ?”

“ನೀವು ಕರೆಸಿದ್ದು ನನ್ನ ರೂಮ್‌ಮೇಟನ್ನ. ಅವಳ ಬದಲು ನಾನು ಬರ್ತಿದ್ದೆ. ಕ್ಲಾಸಲ್ಲೂ ಅವಳ ನಂಬರಿಗೆ ನಾನೇ ಪ್ರಾಕ್ಸಿ ಕೂಗ್ತಿದ್ದೆ. ಅಲ್ಲಿ ಸಿಕ್ಕಿಬಿದ್ದೆ, ಅವಳ ಹಾಜರಿ ಕಮ್ಮಿಯಾಯ್ತು. ಇಲ್ಲಿ ಯಾರೂ ಹಿಡೀಲಿಲ್ಲ.”

ಮೇಡಂ ಕಂಪ್ಯೂಟರಿನ ಕಡೆ ತಿರುಗಿದರು. ಪರದೆಯ ಮೂಲೆಯಲ್ಲಿದ್ದ ಫೋಟೋದಲ್ಲಿ ಎರಡು ಜಡೆ, ದುಂಡು ಮುಖ. ಎದುರಿಗಿದ್ದವಳದು ಕೋಲುಮುಖ. ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದರು, ಕಾಲೇಜಿಗೆ ಬಂದ ಮೇಲೆ ಮಕ್ಕಳು ಸೊರಗುವುದು ಇದ್ದದ್ದೇ ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದರು. ಮುಖ ನೋಡಿ ಮಾತಾಡಿಸಬೇಕು ಎಂದು ಹೊಸದಾಗಿ ಸೇರಿದ ಕೋಚ್‌ಗಳಿಗೆ ಪಾಠ ಮಾಡುವವರೂ ಇವರೇ. ನಾಚಿಕೆಗೆ ಅವರ ಕಿವಿ ಬಿಸಿಯಾಯಿತು.

“ಅವಳೀಗ ಎಲ್ಲಿದ್ದಾಳೆ?”

“ಮಂಚದ ಮೇಲೆ. ಮೊದಲ ಪರೀಕ್ಷೆ ಕೈಕೊಟ್ಟ ಮೇಲೆ ಏಳೋದೇ ಬಿಟ್ಟಿದ್ದಾಳೆ. ಊಟಾನೂ ನಾನೇ ತಗೊಂಡು ಹೋಗ್ತೀನಿ. ಯಾರಿಗೂ ಹೇಳಬಾರದು ಅಂತ ಭಾಷೆ ತಗೊಂಡಿದ್ಲು. ಇಲ್ಲಿಗೆ ಬರಲಿಲ್ಲ ಅಂದ್ರೆ ಮನೆಗೆ ಫೋನ್ ಹೋಗುತ್ತಲ್ಲ? ಅವರಪ್ಪ ಬಂದು ಕರ್ಕೊಂಡು ಹೋಗಿಬಿಡ್ತಾರೆ, ಓದು ಅಲ್ಲಿಗೆ ಮುಗೀತು.” ಹುಡುಗಿ ದುಪಟ್ಟಾದ ತುದಿಯಲ್ಲಿ ಮೂಗು ಒರೆಸಿಕೊಂಡಳು. “ನೀವಿಲ್ಲಿ ಕೇಳೋದನ್ನೆಲ್ಲ ನೆನಪಿಟ್ಕೊಂಡು ಹೋಗಿ ಅವಳನ್ನ ಕೇಳ್ತಿದ್ದೆ ಮೇಡಂ. ಮೊದಮೊದಲು ಮಾತೇ ಇಲ್ಲ. ಈಗೀಗ ಹ್ಞೂಂ, ಉಹ್ಞೂಂ ಅಂತಾಳೆ. ನೀವು ನಿಲ್ಲಿಸಿಬಿಟ್ರೆ ನಾನು ಹೋಗಿ ಏನು ಕೇಳ್ಲಿ? ನಂಗೆ ಬೇರೇನೂ ಗೊತ್ತಿಲ್ಲ.”

ಮೇಡಂ ಪರದೆ ಬಿಟ್ಟು ಅವಳ ಕಡೆ ತಿರುಗಿದರು. “ನಿನ್ನ ಹೆಸರೇನಮ್ಮ ಹಾಗಾದ್ರೆ?” ಎಂದರು.

“ಹಾಸ್ಟೆಲಲ್ಲಿ ಎಲ್ಲರೂ ಗುಬ್ಬಿ ಅಂತಾರೆ.”

“ನಿನ್ನನ್ನ ಯಾವ ಕೋಚ್ ಹತ್ರಾನೂ ಕಳಿಸಿಲ್ವಾ?”

“ಅದು ಹಾಜರಿ ಕಮ್ಮಿ ಇರೋರಿಗೆ ಅಲ್ವಾ ಮೇಡಂ? ನನ್ನ ಹಾಜರಿ ಸರಿಯಿದೆ.”

ಮೇಡಂ ಬ್ಯಾಗು ಹೆಗಲಿಗೇರಿಸಿಕೊಂಡು, “ನಡಿ,” ಎಂದರು.

ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಅವರ ಮಂಡಿ ನೋಯುತ್ತಿತ್ತು. ನಾಳೆ ಮೇಲಿನವರು ಕೇಳಿದರೆ ಬಾಯಿ ಬಿಡುವ ಹಾಗಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಕುಡಿಯೋಣ. ಆದರೆ ಆ ಮಂಚದ ಮೇಲಿರುವ ಮಗುವಿಗೆ ಇಷ್ಟರಲ್ಲಿ ಏನಾದರೂ ಆಗಿಬಿಟ್ಟಿದ್ದರೆ? ಹಾಗೆಂದುಕೊಂಡಾಗ ಅವರಿಗೆ ನಿಜಕ್ಕೂ ಭಯವಾಯಿತು. ಮುಂದೆ ಹೋಗುತ್ತಿದ್ದ ಗುಬ್ಬಿ ಕಂಬಿ ಹಿಡಿದುಕೊಂಡು ಅವರಿಗಿಂತ ನಿಧಾನವಾಗಿ ಹತ್ತುತ್ತಿದ್ದಳು.

ಕೋಣೆಯಲ್ಲಿ ಎರಡು ಮಂಚ. ಒಂದರ ಹಾಸಿಗೆ ಮಡಿಸಿಟ್ಟದ್ದು ಮಡಿಸಿಟ್ಟಂತೆಯೇ ಇತ್ತು. ಇನ್ನೊಂದರ ಮೇಲೆ ಒಬ್ಬಳು ಹೊದ್ದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ ಯಾರೂ ಮುಟ್ಟದೆ ಆರಿಹೋಗಿತ್ತು. ಮೇಡಂ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತರು.

“ನಾನು ಕೋಚ್, ಮಗಳೇ.”

“ಗೊತ್ತು. ನಿಮ್ಮ ಪ್ರಶ್ನೆಗಳೆಲ್ಲ ನಂಗೆ ಬಾಯಿಪಾಠ.” ದನಿ ತೀರಾ ಸಣ್ಣಗಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: “ಅಲ್ಲಿ ಬಂದು ಅವಳೇನು ಉತ್ತರ ಕೊಡ್ತಾಳೆ?”

“ಹೊಟ್ಟೆತುಂಬ ಊಟ ಮಾಡ್ತೀನಿ, ಚೆನ್ನಾಗಿ ನಿದ್ದೆ ಬರುತ್ತೆ ಅಂತಾಳೆ.”

“ಸುಳ್ಳು. ನಾನೇನಾದ್ರೂ ಮಾಡ್ಕೊಂಡುಬಿಡ್ತೀನೇನೋ ಅಂತ ರಾತ್ರಿಯಿಡೀ ಬಾಗಿಲ ಹತ್ರ ಕೂತಿರ್ತಾಳೆ. ನಾನು ಮಗ್ಗುಲು ಬದಲಿಸಿದ್ರೂ ಸಾಕು, ಏನಾಯ್ತೇ ಅಂತ ಬರ್ತಾಳೆ. ಬೇಡ ಕಣೆ, ಹೋಗಿ ಮಲಕೋ ಅಂದ್ರೆ ಕೇಳಲ್ಲ.”

ಮೇಡಂ ತಿರುಗಿ ನೋಡಿದರು. ಬಾಗಿಲ ಪಕ್ಕದಲ್ಲಿ ಒರಗಿ ನಿಂತಿದ್ದ ಗುಬ್ಬಿ ಯಾವಾಗಲೋ ಗೋಡೆಗುಂಟ ಜಾರಿ ನೆಲದ ಮೇಲೆ ಕೂತಿದ್ದಳು. ಚಪ್ಪಲಿ ಕಾಲಲ್ಲೇ ಇತ್ತು, ಬಾಯಿ ಅರೆ ತೆರೆದಿತ್ತು. ತನ್ನ ಹೊರೆಯನ್ನು ಇನ್ನೊಬ್ಬರು ಹಿಡಿದುಕೊಂಡರು ಎಂದು ಗೊತ್ತಾದ ಕೂಡಲೇ ದೇಹ ಯಾರ ಅಪ್ಪಣೆಯನ್ನೂ ಕೇಳದೆ ನಿದ್ದೆಗೆ ಬಿದ್ದಿತ್ತು. ತಣ್ಣನೆಯ ನೆಲದ ಮೇಲೆ ಬೇಡ, ಎಬ್ಬಿಸಿ ಮಂಚದ ಮೇಲೆ ಮಲಗಿಸೋಣ ಎಂದು ಮೇಡಂ ಬಗ್ಗಿ ಅವಳ ಭುಜ ಮುಟ್ಟಲು ಹೋದರು.

ಹಿಂದೆ ಮಂಚ ಕಿರುಗುಟ್ಟಿತು. ಮಲಗಿದ್ದವಳು ಎದ್ದು ಕೂತಿದ್ದಳು. ಕಾಲು ಕೆಳಗಿಟ್ಟು, ಮಂಚದ ಕಂಬಿ ಹಿಡಿದು, ತೂರಾಡುತ್ತ ನಿಂತು, ತಾನು ಹೊದ್ದಿದ್ದ ಹೊದಿಕೆಯನ್ನು ಎಳೆದುಕೊಂಡು ಬಾಗಿಲವರೆಗೆ ಬಂದಳು. ಅದನ್ನು ಗೆಳತಿಗೆ ಹೊದಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

“ಎಬ್ಬಿಸಬೇಡಿ ಮೇಡಂ,” ಎಂದಳು. “ಇವತ್ತು ನಾನು ಎದ್ದಿರ್ತೀನಿ.”